ಲ್ಯಾಪ್‌ಟಾಪಿನ ವೈಫೈ ಸಂಪರ್ಕವನ್ನು ಕಚೇರಿಯ ಕಂಪ್ಯೂಟರಿಗೆ ಹಂಚುವ ಕ್ರಮ

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ
ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿ ಕಚೇರಿಗೆ ಬಂದು, "ನೆಟ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರವನ್ನು ಕೇಳಿ ಹಿಂದಿರುಗಿದ ಗ್ರಾಮಸ್ಥರ ದೂರು ಸದಸ್ಯರಿಗೆ ಹೊಸದಲ್ಲ. ಹಾಗೆ ಹಿಂದಿರುಗುವವರಲ್ಲಿ ಅನೇಕರು ಒಂದು ದಿನದ ಕೂಲಿಯನ್ನು ಬಿಟ್ಟು ಬಂದವರು. ಕಚೇರಿಯ ಅಂತರ್ಜಾಲ ಸಂಪರ್ಕವು ಕಡಿದುಹೋದ ದಿನವೂ, ಅಲ್ಲಿ ಈಗಾಗಲೇ ಇರುವ ಉಪಕರಣಗಳಿಂದಲೇ ಜನರ ಕೆಲಸವನ್ನು ಮುಂದುವರಿಸುವ ಒಂದು ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಇದಕ್ಕೆ ಬೇಕಾದುದು ಒಂದು ಲ್ಯಾಪ್‌ಟಾಪ್, ಒಂದು ಮೊಬೈಲ್ ಫೋನ್ ಮತ್ತು ಕೆಲವು ಮೀಟರ್ ಉದ್ದದ ಲ್ಯಾನ್ ಕೇಬಲ್.

ಸದಸ್ಯರು ಈ ಜೋಡಣೆಯನ್ನು ಸ್ವತಃ ಮಾಡಬೇಕೆಂದಿಲ್ಲ; ಅದು ಸಿಬ್ಬಂದಿಯ ಕೆಲಸ. ಆದರೆ ಇಂತಹ ಕ್ರಮವೊಂದು ಇದೆಯೆಂದು ತಿಳಿದಿರುವ ಸದಸ್ಯರು ಸರಿಯಾದ ಪ್ರಶ್ನೆಯನ್ನು ಕೇಳಬಲ್ಲರು ಮತ್ತು ಅಗತ್ಯವಾದ ತೀರ್ಮಾನವನ್ನು ಸಭೆಯಲ್ಲಿ ಕೈಗೊಳ್ಳಬಲ್ಲರು.

1. ಸಂಪರ್ಕ ಕಡಿತದಿಂದ ಆಗುವ ನಷ್ಟ

ಇಂದು ಪಂಚಾಯಿತಿಯ ಬಹುಪಾಲು ಕೆಲಸಗಳು ಅಂತರ್ಜಾಲವನ್ನು ಅವಲಂಬಿಸಿವೆ. ತೆರಿಗೆ ಮತ್ತು ಆಡಳಿತದ ದಾಖಲೆಗಳು ಪಂಚತಂತ್ರ ತಂತ್ರಾಂಶದಲ್ಲಿವೆ. ಆಸ್ತಿಯ ನಮೂನೆ 9 ಮತ್ತು 11 ಇ-ಸ್ವತ್ತು ತಂತ್ರಾಂಶದಿಂದ ಹೊರಬರುತ್ತವೆ. ಯೋಜನೆ ಮತ್ತು ಲೆಕ್ಕಪತ್ರಗಳಿಗಾಗಿ 2020ರ ಏಪ್ರಿಲ್ 24ರಂದು ಇ-ಗ್ರಾಮ್ ಸ್ವರಾಜ್ ಜಾರಿಗೆ ಬಂದಿತು. 2016ರಿಂದ ಬಾಪೂಜಿ ಸೇವಾ ಕೇಂದ್ರಗಳ ಮೂಲಕ ಹಲವು ಸೇವೆಗಳನ್ನು ಪಂಚಾಯಿತಿಯಲ್ಲಿಯೇ ಒದಗಿಸಲಾಗುತ್ತಿದೆ.

ಸಂಪರ್ಕ ನಿಂತರೂ ಕಾನೂನಿನ ಅವಧಿ ನಿಲ್ಲುವುದಿಲ್ಲ. 'ಸಕಾಲ' ಎಂದು ಜನರು ಅರಿತಿರುವ 2011ರ ಸೇವೆಗಳ ಖಾತರಿ ಅಧಿನಿಯಮದ ಪ್ರಕಾರ, ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚವನ್ನು ಕೇಳಬಹುದು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮವು, ಕೆಲಸ ಕೇಳಿದವರಿಗೆ 15 ದಿನಗಳೊಳಗೆ ಕೆಲಸ ಕೊಡಬೇಕೆಂದು ವಿಧಿಸಿತು. ಕೆಲಸದ ಬೇಡಿಕೆಯನ್ನು ಕಂಪ್ಯೂಟರಿನಲ್ಲಿ ದಾಖಲಿಸುವುದು ಮೂರು ದಿನ ತಡವಾದರೆ, ಆ ಮೂರು ದಿನಗಳ ನಷ್ಟವು ಕೂಲಿಕಾರರ ಮನೆಗೆ ತಟ್ಟುತ್ತದೆ.

2. ದೋಷ ಎಲ್ಲಿದೆ ಎಂಬುದನ್ನು ಮೊದಲು ತಿಳಿಯುವುದು

"ನೆಟ್ ಇಲ್ಲ" ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಕಾರಣಗಳಿರಬಹುದು. ಪ್ರತಿಯೊಂದಕ್ಕೂ ಪರಿಹಾರ ಬೇರೆ.

ಮೊದಲನೆಯದು, ವಿದ್ಯುತ್ ಇಲ್ಲದಿರುವುದು. ಕಂಪ್ಯೂಟರಿಗೆ ಯುಪಿಎಸ್ ಇದ್ದು, ಗೋಡೆಯ ಮೇಲಿನ ಸಂಪರ್ಕ ಪೆಟ್ಟಿಗೆಗೆ ಅದು ಇಲ್ಲದಿದ್ದರೆ, ಕಂಪ್ಯೂಟರ್ ನಡೆಯುತ್ತಿದ್ದರೂ ಅಂತರ್ಜಾಲ ನಿಂತಿರುತ್ತದೆ. ಪೆಟ್ಟಿಗೆಯ ದೀಪಗಳೆಲ್ಲವೂ ಆರಿದ್ದರೆ ಇದೇ ಕಾರಣವೆಂದು ಮೊದಲು ಶಂಕಿಸಬೇಕು.

ಎರಡನೆಯದು, ಸಂಪರ್ಕದ ತಂತು ಕಡಿದಿರುವುದು. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಸಂಪರ್ಕ ನೀಡುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್ 25ರಂದು ಒಪ್ಪಿಗೆ ನೀಡಿತು. ಅದೇ ಇಂದಿನ ಭಾರತ್‌ನೆಟ್. ಈ ಫೈಬರ್ ಬಹುತೇಕ ರಸ್ತೆಯ ಅಂಚಿನಲ್ಲಿ ಸಾಗುತ್ತದೆ. ರಸ್ತೆ ಅಗಲೀಕರಣ, ಕುಡಿಯುವ ನೀರಿನ ಕೊಳವೆ ಅಥವಾ ಚರಂಡಿಗಾಗಿ ಜೆಸಿಬಿಯಿಂದ ಅಗೆಯುವಾಗ ಅದು ತುಂಡಾಗುವುದುಂಟು. ದುರಸ್ತಿಗೆ ಹೊರಗಿನ ತಂತ್ರಜ್ಞರೇ ಬರಬೇಕಾಗುತ್ತದೆ.

ಮೂರನೆಯದು, ದೂರದಲ್ಲಿರುವ ಸರ್ವರ್ ನಿಂತಿರುವುದು. ಆಗ ಕಚೇರಿಯ ಸಂಪರ್ಕ ಸರಿಯಾಗಿಯೇ ಇರುತ್ತದೆ. ಆ ಒಂದು ತಂತ್ರಾಂಶ ಮಾತ್ರ ತೆರೆಯುವುದಿಲ್ಲ. ಇದನ್ನು ಗುರುತಿಸುವುದು ಸುಲಭ: ಅದೇ ಕಂಪ್ಯೂಟರಿನಲ್ಲಿ ಬೇರೆ ಯಾವುದಾದರೂ ಜಾಲತಾಣವನ್ನು ತೆರೆಯಬೇಕು. ಅದು ತೆರೆದರೆ ದೋಷ ಸರ್ವರಿನದು. ತೆರೆಯದಿದ್ದರೆ ದೋಷ ಕಚೇರಿಯ ಸಂಪರ್ಕದ್ದು.

ಈ ಪಾಠದ ಕ್ರಮವು ಎರಡನೆಯ ಕಾರಣಕ್ಕೆ ನೇರವಾಗಿ ಅನ್ವಯಿಸುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಇದ್ದಲ್ಲಿ ಮೊದಲನೆಯದಕ್ಕೂ ಸ್ವಲ್ಪ ಹೊತ್ತಿನವರೆಗೆ ನೆರವಾಗುತ್ತದೆ. ಸರ್ವರ್ ನಿಂತಿದ್ದರೆ ಇದರಿಂದ ಪ್ರಯೋಜನವಿಲ್ಲ.

3. ಲ್ಯಾಪ್‌ಟಾಪಿನಲ್ಲಿಯೇ ಕೆಲಸ ಮಾಡಬಾರದೇಕೆ?

ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿದ ಮೇಲೆ ಎಲ್ಲ ಕೆಲಸವನ್ನೂ ಅದರಲ್ಲಿಯೇ ಮಾಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಸಣ್ಣ ಕೆಲಸಗಳಿಗೆ ಅದು ಸರಿಯೇ. ಆದರೆ ಮುದ್ರಣ ಯಂತ್ರ, ಸ್ಕ್ಯಾನರ್ ಮತ್ತು ಡಿಜಿಟಲ್ ಸಹಿಯ ಡಾಂಗಲ್‌ಗೆ ಬೇಕಾದ ತಂತ್ರಾಂಶಗಳು ಸಾಮಾನ್ಯವಾಗಿ ಮೇಜಿನ ಕಂಪ್ಯೂಟರಿನಲ್ಲಿರುತ್ತವೆ. ನುಡಿ ತಂತ್ರಾಂಶದಲ್ಲಿ ಸಿದ್ಧಪಡಿಸಿದ ನಡಾವಳಿಗಳು ಮತ್ತು ಹಳೆಯ ಕಡತಗಳೂ ಅಲ್ಲಿಯೇ ಇರುತ್ತವೆ. ಅಲ್ಲದೆ ಸಂಪರ್ಕವನ್ನು ಹಂಚಿದರೆ ಒಂದೇ ಹೊತ್ತಿಗೆ ಇಬ್ಬರು ಸಿಬ್ಬಂದಿ ಕೆಲಸ ಮಾಡಬಹುದು.

ಮೇಜಿನ ಕಂಪ್ಯೂಟರ್ ಹಳೆಯದಾಗಿದ್ದರೆ ಅದರಲ್ಲಿ ವೈಫೈ ಇರುವುದಿಲ್ಲ. ಹಿಂಬದಿಯಲ್ಲಿ ಲ್ಯಾನ್ ಕಿಂಡಿ ಮಾತ್ರ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ವೈಫೈ ಉಂಟು. ಆದ್ದರಿಂದ ವೈಫೈ ಮೂಲಕ ಬಂದ ಸಂಪರ್ಕವನ್ನು ಲ್ಯಾಪ್‌ಟಾಪ್ ಸ್ವೀಕರಿಸಿ, ತಂತಿಯ ಮೂಲಕ ಮೇಜಿನ ಕಂಪ್ಯೂಟರಿಗೆ ತಲುಪಿಸಬೇಕಾಗುತ್ತದೆ.

4. ಹಂಚಿಕೆ ನಡೆಯುವ ಬಗೆ

ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯ ನಾಲೆಯಾಗಲಿ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಕಡೆಗೆ ಬರುವ ಹೇಮಾವತಿ ನಾಲೆಯಾಗಲಿ, ಅದರ ನೀರು ತೂಬಿನ ಮೂಲಕವೇ ಕಿರುಗಾಲುವೆಗೆ ಇಳಿದು ಗದ್ದೆಗೆ ಸೇರುತ್ತದೆ. ಇಲ್ಲಿ ಮೊಬೈಲ್ ಸಂಪರ್ಕವು ನಾಲೆಯಂತೆ, ಲ್ಯಾಪ್‌ಟಾಪ್ ತೂಬಿನಂತೆ, ಲ್ಯಾನ್ ಕೇಬಲ್ ಕಿರುಗಾಲುವೆಯಂತೆ. ತೂಬು ಮುಚ್ಚಿದರೆ, ಅಂದರೆ ಲ್ಯಾಪ್‌ಟಾಪ್ ನಿದ್ರಾಸ್ಥಿತಿಗೆ ಹೋದರೆ, ಮೇಜಿನ ಕಂಪ್ಯೂಟರಿಗೆ ಸಂಪರ್ಕ ನಿಲ್ಲುತ್ತದೆ. ನಾಲೆಯಲ್ಲಿರುವಷ್ಟು ನೀರನ್ನೇ ಹಂಚಿಕೊಳ್ಳಬೇಕಾದಂತೆ, ಮೊಬೈಲಿನ ವೇಗವನ್ನೇ ಎರಡೂ ಕಂಪ್ಯೂಟರುಗಳು ಹಂಚಿಕೊಳ್ಳುತ್ತವೆ.

ಒಂದು ವ್ಯತ್ಯಾಸವಿದೆ. ನೀರು ಒಂದೇ ಕಡೆಗೆ ಹರಿಯುತ್ತದೆ. ಮಾಹಿತಿ ಎರಡೂ ಕಡೆಗೆ ಸಾಗುತ್ತದೆ. ಜಾಲದಲ್ಲಿರುವ ಪ್ರತಿ ಕಂಪ್ಯೂಟರಿಗೂ ಅಂಕಿಗಳ ಒಂದು ವಿಳಾಸ ಬೇಕು. ಅದನ್ನು ಐಪಿ ವಿಳಾಸ ಎನ್ನುತ್ತಾರೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಹಂಚಿಕೆಯನ್ನು ಆರಂಭಿಸಿದಾಗ, ಅದು ತನ್ನ ತಂತಿಯ ಕಡೆಗೆ 192.168.137.1 ಎಂಬ ವಿಳಾಸವನ್ನು ಇರಿಸಿಕೊಂಡು, ಮೇಜಿನ ಕಂಪ್ಯೂಟರಿಗೆ 192.168.137 ಎಂದೇ ಆರಂಭವಾಗುವ ಮತ್ತೊಂದು ವಿಳಾಸವನ್ನು ಕೊಡುತ್ತದೆ. ಮೇಜಿನ ಕಂಪ್ಯೂಟರ್ ಕಳಿಸಿದ ಕೋರಿಕೆಯನ್ನು ಲ್ಯಾಪ್‌ಟಾಪ್ ತನ್ನ ಹೆಸರಿನಲ್ಲಿ ಹೊರಗೆ ಕಳಿಸಿ, ಬಂದ ಉತ್ತರವನ್ನು ಕೇಳಿದವರಿಗೆ ಮರಳಿಸುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಕೆಲಸವನ್ನೂ ಲ್ಯಾಪ್‌ಟಾಪ್ ಒಂದೇ ಮಾಡಿದಂತೆ ಕಾಣುತ್ತದೆ. ಹೊಣೆಗಾರಿಕೆಯ ದೃಷ್ಟಿಯಿಂದ ಈ ಅಂಶ ಮುಖ್ಯವಾದುದು. 8ನೆಯ ಭಾಗದಲ್ಲಿ ಇದನ್ನು ಮತ್ತೆ ಪರಿಶೀಲಿಸಲಾಗಿದೆ.

5. ಬೇಕಾಗುವ ಸಾಮಗ್ರಿ

(ಅ) ವೈಫೈ ಇರುವ ಲ್ಯಾಪ್‌ಟಾಪ್ ಮತ್ತು ಅದರ ಚಾರ್ಜರ್.
(ಆ) ಎರಡೂ ತುದಿಯಲ್ಲಿ ಆರ್‌ಜೆ-45 ಪ್ಲಗ್ ಇರುವ ಲ್ಯಾನ್ ಕೇಬಲ್. ಒಂದೇ ಕೊಠಡಿಗೆ 5 ಮೀಟರ್ ಸಾಕು. ಈ ಬಗೆಯ ಕೇಬಲ್ 100 ಮೀಟರಿಗಿಂತ ಉದ್ದವಿರಬಾರದು.
(ಇ) ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಕಿಂಡಿ ಇಲ್ಲದಿದ್ದರೆ, ಯುಎಸ್‌ಬಿಯಿಂದ ಲ್ಯಾನ್‌ಗೆ ಪರಿವರ್ತಿಸುವ ಸಣ್ಣ ಅಡಾಪ್ಟರ್. ಈಚಿನ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಇದರ ಅಗತ್ಯ ಬೀಳುತ್ತದೆ.
(ಈ) ಹಾಟ್‌ಸ್ಪಾಟ್ ನೀಡುವ ಮೊಬೈಲ್ ಫೋನ್. ಮೇಲುಕೋಟೆಯಂತಹ ಬೆಟ್ಟದ ಪ್ರದೇಶದಲ್ಲಿ ಅಥವಾ ಗೋಪುರದಿಂದ ದೂರವಿರುವ ಊರಿನಲ್ಲಿ ಸಿಗ್ನಲ್ ಕಡಿಮೆಯಿದ್ದರೆ, ಫೋನನ್ನು ಕಿಟಕಿಯ ಬಳಿ ಇರಿಸುವುದರಿಂದ ಅನುಕೂಲವಾಗುತ್ತದೆ. ಯಾವ ಕಂಪನಿಯ ಸಿಗ್ನಲ್ ಕಚೇರಿಯಲ್ಲಿ ಚೆನ್ನಾಗಿ ದೊರೆಯುತ್ತದೆ ಎಂಬುದನ್ನು ಮೊದಲೇ ಪರೀಕ್ಷಿಸಿಡುವುದು ಉತ್ತಮ.

6. ಜೋಡಣೆಯ ಹಂತಗಳು

ಈ ಹಂತಗಳು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತವೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.

ಹಂತ 1. ಮೇಜಿನ ಕಂಪ್ಯೂಟರಿನಲ್ಲಿ ಈಗಿರುವ ಐಪಿ ವಿಳಾಸದ ವಿವರಗಳನ್ನು ವಹಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಕಚೇರಿಯ ಮೂಲ ಸಂಪರ್ಕಕ್ಕಾಗಿ ಸ್ಥಿರ ವಿಳಾಸವನ್ನು ನಮೂದಿಸಿದ್ದಲ್ಲಿ, ಅದನ್ನು ಬರೆದಿಡದೆ ಅಳಿಸಿದರೆ ಫೈಬರ್ ದುರಸ್ತಿಯಾದ ಮೇಲೂ ಕಂಪ್ಯೂಟರ್ ಸಂಪರ್ಕ ಪಡೆಯುವುದಿಲ್ಲ.

ಹಂತ 2. ಮೇಜಿನ ಕಂಪ್ಯೂಟರಿನಿಂದ ಹಳೆಯ ಲ್ಯಾನ್ ಕೇಬಲನ್ನು ತೆಗೆದು, ಹೊಸ ಕೇಬಲಿನ ಒಂದು ತುದಿಯನ್ನು ಅದಕ್ಕೂ ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೂ ಸೇರಿಸಬೇಕು. ಎರಡೂ ಯಂತ್ರಗಳು ಚಾಲನೆಯಲ್ಲಿರಬೇಕು.

ಹಂತ 3. ಮೊಬೈಲಿನಲ್ಲಿ ಹಾಟ್‌ಸ್ಪಾಟ್ ಆರಂಭಿಸಿ, ಲ್ಯಾಪ್‌ಟಾಪನ್ನು ವೈಫೈ ಮೂಲಕ ಅದಕ್ಕೆ ಸೇರಿಸಬೇಕು. ಲ್ಯಾಪ್‌ಟಾಪಿನಲ್ಲಿ ಒಂದು ಜಾಲತಾಣ ತೆರೆಯುವುದೇ ಎಂದು ನೋಡಬೇಕು. ಇಲ್ಲಿ ತೆರೆಯದಿದ್ದರೆ ಮುಂದಿನ ಹಂತಗಳಿಂದ ಫಲವಿಲ್ಲ.

ಹಂತ 4. ಲ್ಯಾಪ್‌ಟಾಪಿನಲ್ಲಿ 'ಕಂಟ್ರೋಲ್ ಪ್ಯಾನೆಲ್' ತೆರೆದು, 'ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್', ಅನಂತರ 'ಚೇಂಜ್ ಅಡಾಪ್ಟರ್ ಸೆಟ್ಟಿಂಗ್ಸ್' ಎಂಬಲ್ಲಿಗೆ ಹೋಗಬೇಕು. ಅಲ್ಲಿ 'ವೈಫೈ' ಮತ್ತು 'ಈಥರ್‌ನೆಟ್' ಎಂಬ ಎರಡು ಚಿತ್ರಗಳು ಕಾಣುತ್ತವೆ.

ಹಂತ 5. 'ವೈಫೈ' ಚಿತ್ರದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, 'ಪ್ರಾಪರ್ಟೀಸ್' ಆರಿಸಿ, 'ಶೇರಿಂಗ್' ಎಂಬ ಪುಟವನ್ನು ತೆರೆಯಬೇಕು. ಇತರ ಬಳಕೆದಾರರು ಈ ಕಂಪ್ಯೂಟರಿನ ಅಂತರ್ಜಾಲ ಸಂಪರ್ಕವನ್ನು ಬಳಸಲು ಅನುಮತಿ ನೀಡುವ ಮೊದಲನೆಯ ಚೌಕದಲ್ಲಿ ಗುರುತು ಹಾಕಬೇಕು. ಯಾವ ಸಂಪರ್ಕಕ್ಕೆ ಹಂಚಬೇಕೆಂದು ಕೇಳಿದರೆ 'ಈಥರ್‌ನೆಟ್' ಆರಿಸಿ 'ಓಕೆ' ಒತ್ತಬೇಕು. ಗುರುತು ಹಾಕಬೇಕಾದುದು ಅಂತರ್ಜಾಲ ಬರುತ್ತಿರುವ ಕಡೆ, ಅಂದರೆ ವೈಫೈಯಲ್ಲಿ. ಈಥರ್‌ನೆಟ್ಟಿನಲ್ಲಿ ಹಾಕಿದರೆ ಹಂಚಿಕೆ ತಿರುವುಮುರುವಾಗುತ್ತದೆ.

ಹಂತ 6. ಮೇಜಿನ ಕಂಪ್ಯೂಟರಿನ ಈಥರ್‌ನೆಟ್ ವ್ಯವಸ್ಥೆಯಲ್ಲಿ, ವಿಳಾಸವನ್ನು ತಾನಾಗಿಯೇ ಪಡೆಯುವ ಆಯ್ಕೆಯನ್ನು ಗುರುತಿಸಬೇಕು. ಒಂದೆರಡು ನಿಮಿಷಗಳಲ್ಲಿ ಸಂಪರ್ಕ ದೊರೆಯುತ್ತದೆ.

ಹಂತ 7. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿ, ಅದು ನಿದ್ರಾಸ್ಥಿತಿಗೆ ಹೋಗದಂತೆ ವ್ಯವಸ್ಥೆ ಮಾಡಬೇಕು. ಅದರ ಮುಚ್ಚಳವನ್ನು ಮುಚ್ಚಬಾರದು.

ಹಂತ 8. ಕಚೇರಿಯ ಸಂಪರ್ಕ ಮರಳಿದ ಮೇಲೆ, 5ನೆಯ ಹಂತದಲ್ಲಿ ಹಾಕಿದ ಗುರುತನ್ನು ತೆಗೆದು, ಲ್ಯಾಪ್‌ಟಾಪಿನ ಈಥರ್‌ನೆಟ್ ವಿಳಾಸವನ್ನು ಮತ್ತೆ ತಾನಾಗಿಯೇ ಪಡೆಯುವಂತೆ ಮಾಡಬೇಕು. ಮೇಜಿನ ಕಂಪ್ಯೂಟರಿಗೆ ಹಳೆಯ ಕೇಬಲನ್ನು ಸೇರಿಸಿ, ವಹಿಯಲ್ಲಿ ಬರೆದಿಟ್ಟ ವಿಳಾಸವನ್ನು ಮರಳಿ ನಮೂದಿಸಬೇಕು.

7. ಸಂಪರ್ಕ ದೊರೆಯದಿದ್ದಾಗ

'ಶೇರಿಂಗ್' ಪುಟವೇ ಕಾಣದಿದ್ದರೆ, ಲ್ಯಾಪ್‌ಟಾಪ್ ಎರಡನೆಯ ಸಂಪರ್ಕ ಸಾಧನವನ್ನು ಗುರುತಿಸಿಲ್ಲವೆಂದು ತಿಳಿಯಬೇಕು. ಯುಎಸ್‌ಬಿ ಅಡಾಪ್ಟರನ್ನು ಮತ್ತೆ ಚುಚ್ಚಿ ನೋಡಬೇಕು.

ಮೇಜಿನ ಕಂಪ್ಯೂಟರಿನ ವಿಳಾಸವು 169.254 ಎಂದು ಆರಂಭವಾಗಿದ್ದರೆ, ಅದಕ್ಕೆ ಲ್ಯಾಪ್‌ಟಾಪಿನಿಂದ ವಿಳಾಸ ದೊರೆತಿಲ್ಲ. ಕೇಬಲಿನ ಎರಡೂ ತುದಿಗಳನ್ನು ಪರೀಕ್ಷಿಸಿ, ಹಂಚಿಕೆಯ ಗುರುತನ್ನು ತೆಗೆದು ಮತ್ತೆ ಹಾಕಬೇಕು. ವಿಳಾಸವು 192.168.137 ಎಂದು ಆರಂಭವಾಗಿದ್ದೂ ಜಾಲತಾಣ ತೆರೆಯದಿದ್ದರೆ, ತಂತಿಯ ಜೋಡಣೆ ಸರಿಯಿದೆ. ಮೊಬೈಲ್ ಸಂಪರ್ಕವನ್ನು ನೋಡಬೇಕು.

ನಿನ್ನೆ ನಡೆದದ್ದು ಇಂದು ನಡೆಯದಿರುವುದೂ ಉಂಟು. ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಆರಂಭಿಸಿದಾಗ ಹಂಚಿಕೆ ತಾನಾಗಿ ಮುಂದುವರಿಯದಿರಬಹುದು. ಇಲ್ಲಿಯೂ ಗುರುತನ್ನು ತೆಗೆದು ಮತ್ತೆ ಹಾಕುವುದೇ ಪರಿಹಾರ.

ಹಂಚಿಕೆ ಆರಂಭಿಸಿದ ಲ್ಯಾಪ್‌ಟಾಪನ್ನು ಕಚೇರಿಯ ಸ್ವಿಚ್ ಪೆಟ್ಟಿಗೆಗೆ ಎಂದಿಗೂ ಸೇರಿಸಬಾರದು. ಮೂಲ ಸಂಪರ್ಕದ ರೂಟರ್ ಕೂಡ ವಿಳಾಸಗಳನ್ನು ಕೊಡುತ್ತಿರುತ್ತದೆ. ಇಬ್ಬರು ನೀರಗಂಟಿಗಳು ಒಂದೇ ಕಾಲುವೆಗೆ ಬೇರೆ ಬೇರೆ ಸರದಿ ಹೇಳಿದಂತಾಗಿ, ಚೆನ್ನಾಗಿದ್ದ ಕಂಪ್ಯೂಟರುಗಳೂ ಸಂಪರ್ಕ ಕಳೆದುಕೊಳ್ಳುತ್ತವೆ.

ಒಂದೇ ಕಂಪ್ಯೂಟರಿಗೆ ಮಾತ್ರ ಸಂಪರ್ಕ ಬೇಕಿದ್ದು ಲ್ಯಾಪ್‌ಟಾಪಿನ ಅಗತ್ಯವಿಲ್ಲದಿದ್ದರೆ, ಇನ್ನೂ ಸುಲಭವಾದ ದಾರಿಯಿದೆ. ಮೊಬೈಲನ್ನು ಚಾರ್ಜಿಂಗ್ ಕೇಬಲಿನಿಂದ ಮೇಜಿನ ಕಂಪ್ಯೂಟರಿಗೆ ಸೇರಿಸಿ, ಫೋನಿನಲ್ಲಿ 'ಯುಎಸ್‌ಬಿ ಟೆದರಿಂಗ್' ಆರಂಭಿಸಿದರೆ ಸಾಕು. ಯುಎಸ್‌ಬಿ ವೈಫೈ ಅಡಾಪ್ಟರನ್ನು ಖರೀದಿಸಿ ಮೇಜಿನ ಕಂಪ್ಯೂಟರಿಗೆ ಹಾಕುವುದೂ ಸಾಧ್ಯ. ಫೋನನ್ನು ಕಿಟಕಿಯ ಬಳಿಯೇ ಇರಿಸಬೇಕಾದಾಗ, ಇಬ್ಬರು ಕೆಲಸ ಮಾಡಬೇಕಾದಾಗ ಮತ್ತು ವೈಫೈ ಅಡಾಪ್ಟರ್ ಇಲ್ಲದಿದ್ದಾಗ ಲ್ಯಾಪ್‌ಟಾಪಿನ ದಾರಿ ಹೆಚ್ಚು ಅನುಕೂಲಕರ.

8. ಸುರಕ್ಷತೆ ಮತ್ತು ಹೊಣೆಗಾರಿಕೆ

(ಅ) ಹೊರಗಿನ ಜಾಲಕ್ಕೆ ಎಲ್ಲ ಕೆಲಸವೂ ಹಾಟ್‌ಸ್ಪಾಟ್ ನೀಡಿದ ಫೋನಿನ ಸಂಪರ್ಕದಿಂದಲೇ ನಡೆದಂತೆ ಕಾಣುತ್ತದೆ. ಸಿಬ್ಬಂದಿಯ ಸ್ವಂತ ಫೋನನ್ನು ಬಳಸಿದರೆ, ಕಚೇರಿಯ ಕಂಪ್ಯೂಟರಿನಲ್ಲಿ ಯಾರೋ ಮಾಡಿದ ತಪ್ಪಿಗೆ ಅವರು ಉತ್ತರಿಸಬೇಕಾಗಬಹುದು. ಆದ್ದರಿಂದ ಯಾವ ದಿನ, ಎಷ್ಟು ಹೊತ್ತು, ಯಾರ ಫೋನಿನಿಂದ, ಯಾರು ಕೆಲಸ ಮಾಡಿದರು ಎಂಬುದನ್ನು ವಹಿಯಲ್ಲಿ ನಮೂದಿಸತಕ್ಕದ್ದು.

(ಆ) ಹಾಟ್‌ಸ್ಪಾಟಿಗೆ ಊಹಿಸಲಾಗದ ಪಾಸ್‌ವರ್ಡ್ ಇರಬೇಕು. ಅದನ್ನು ಗೋಡೆಯ ಮೇಲೆ ಬರೆಯಬಾರದು. ಪಾಸ್‌ವರ್ಡ್ ಇಲ್ಲದ ಸಾರ್ವಜನಿಕ ವೈಫೈಯನ್ನು ಪಂಚಾಯಿತಿಯ ಕೆಲಸಕ್ಕೆ ಬಳಸಬಾರದು.

(ಇ) 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಡಿಜಿಟಲ್ ಸಹಿಗೆ ಕೈಬರಹದ ಸಹಿಯ ಮಾನ್ಯತೆಯನ್ನು ನೀಡಿದೆ. ಡಾಂಗಲನ್ನು ಕಂಪ್ಯೂಟರಿನಲ್ಲಿಯೇ ಬಿಟ್ಟು ಹೋಗುವುದು, ಸಹಿ ಹಾಕಿದ ಖಾಲಿ ಹಾಳೆಯನ್ನು ಬಿಟ್ಟು ಹೋದಂತೆ. ಅಧ್ಯಕ್ಷರಾಗಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಲಿ ತಮ್ಮ ಡಾಂಗಲ್ ಮತ್ತು ಅದರ ಗುಪ್ತಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡಬಾರದು.

(ಈ) ಮೇಜಿನ ಕಂಪ್ಯೂಟರಿನಲ್ಲಿ ಹಳೆಯ ವಿಂಡೋಸ್ ಇದ್ದರೆ ಅಪಾಯ ಹೆಚ್ಚು. ವಿಂಡೋಸ್ 7ಕ್ಕೆ ತಯಾರಕರ ಸುರಕ್ಷತಾ ನೆರವು 2020ರ ಜನವರಿ 14ಕ್ಕೆ ಕೊನೆಗೊಂಡಿತು. ವಿಂಡೋಸ್ 10ರ ಸಾಮಾನ್ಯ ನೆರವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂತಹ ಕಂಪ್ಯೂಟರಿನಲ್ಲಿ ಸರ್ಕಾರಿ ತಂತ್ರಾಂಶಗಳನ್ನು ಬಿಟ್ಟು ಬೇರೇನನ್ನೂ ತೆರೆಯದಿರುವುದು ಕ್ಷೇಮ.

(ಉ) ಮೊಬೈಲ್ ಡೇಟಾಕ್ಕೆ ದೈನಿಕ ಮಿತಿ ಇರುತ್ತದೆ. ತಲಾ 1 ಎಂಬಿ ಇರುವ 100 ಸ್ಕ್ಯಾನ್ ಪ್ರತಿಗಳನ್ನು ಕಳಿಸಲು ಸುಮಾರು 100 ಎಂಬಿ ಸಾಕು. ಆದರೆ ವಿಂಡೋಸ್ ತಾನಾಗಿ ಇಳಿಸಿಕೊಳ್ಳುವ ಪರಿಷ್ಕರಣೆಯೊಂದೇ ದಿನದ ಡೇಟಾವನ್ನೆಲ್ಲ ಮುಗಿಸಬಲ್ಲದು. ವಿಂಡೋಸ್ 10 ಮತ್ತು 11ರಲ್ಲಿ ಈ ಸಂಪರ್ಕವನ್ನು 'ಮೀಟರ್ಡ್ ಕನೆಕ್ಷನ್' ಎಂದು ಗುರುತಿಸಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು.

(ಊ) ಹಣ ಕಳೆದುಕೊಂಡ ಸೈಬರ್ ವಂಚನೆ ಗಮನಕ್ಕೆ ಬಂದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು.

9. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಈ ಏರ್ಪಾಡು ತಾತ್ಕಾಲಿಕವಾದುದು. ಇದು ಸುಲಭವಾಗಿ ನಡೆಯುತ್ತದೆಯೆಂದು ಫೈಬರ್ ದುರಸ್ತಿಯನ್ನು ಮರೆಯುವಂತಾಗಬಾರದು. ಸಂಪರ್ಕ ಕಡಿದ ದಿನವೇ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ವಹಿಯಲ್ಲಿ ಬರೆಯಬೇಕು. ಆ ವಹಿಯನ್ನು ಸಾಮಾನ್ಯ ಸಭೆಯ ಮುಂದೆ ಇರಿಸಿದರೆ, ತಿಂಗಳಲ್ಲಿ ಎಷ್ಟು ದಿನ ಕಚೇರಿ ಮೊಬೈಲ್ ಸಂಪರ್ಕದಿಂದ ನಡೆಯಿತೆಂಬುದು ಸ್ಪಷ್ಟವಾಗುತ್ತದೆ. ತಾಲ್ಲೂಕು ಪಂಚಾಯಿತಿಗೆ ಬರೆಯುವ ಪತ್ರಕ್ಕೆ ಇದಕ್ಕಿಂತ ಬಲವಾದ ಆಧಾರ ಬೇರೆ ಬೇಕಿಲ್ಲ.

ಕೇಬಲ್ ಮತ್ತು ಅಡಾಪ್ಟರ್ ಖರೀದಿಗೆ ಹಾಗೂ ಕಚೇರಿಯ ಹೆಸರಿನಲ್ಲಿ ಒಂದು ಡೇಟಾ ಸಿಮ್ ಹೊಂದುವ ಬಗ್ಗೆ ಸಭೆಯು ನಿಯಮಾನುಸಾರ ನಿರ್ಣಯ ಕೈಗೊಳ್ಳಬಹುದು. ಸಿಬ್ಬಂದಿಯ ಸ್ವಂತ ಡೇಟಾವನ್ನು ತಿಂಗಳುಗಟ್ಟಲೆ ಬಳಸುವುದು ನ್ಯಾಯವಲ್ಲ. ಗ್ರಾಮದಲ್ಲಿ ರಸ್ತೆ, ಚರಂಡಿ ಅಥವಾ ಕೊಳವೆ ಕಾಮಗಾರಿ ಆರಂಭವಾಗುವಾಗ, ಫೈಬರ್ ಸಾಗುವ ಜಾಗವನ್ನು ಗುತ್ತಿಗೆದಾರರಿಗೆ ಮೊದಲೇ ತೋರಿಸುವ ವ್ಯವಸ್ಥೆಯನ್ನು ಆಯಾ ವಾರ್ಡಿನ ಸದಸ್ಯರು ಮಾಡಿಸಬಹುದು. ಕಡಿದ ಮೇಲೆ ಜೋಡಿಸುವುದಕ್ಕಿಂತ ಕಡಿಯದಂತೆ ನೋಡಿಕೊಳ್ಳುವುದು ಸುಲಭ.

ಸಂಪರ್ಕವಿರುವ ಒಂದು ದಿನ ಇಡೀ ಜೋಡಣೆಯನ್ನು ಒಮ್ಮೆ ಅಭ್ಯಾಸ ಮಾಡಿಸುವುದು ಅವಶ್ಯ. ಕಚೇರಿಯಲ್ಲಿ ಕನಿಷ್ಠ ಇಬ್ಬರಿಗೆ ಈ ಕ್ರಮ ತಿಳಿದಿರಬೇಕು. ಒಬ್ಬರಿಗೆ ಮಾತ್ರ ತಿಳಿದಿದ್ದರೆ, ಅವರು ರಜೆಯಲ್ಲಿರುವ ದಿನ ಗ್ರಾಮಸ್ಥರಿಗೆ ಮತ್ತೆ "ನಾಳೆ ಬನ್ನಿ" ಎಂಬ ಉತ್ತರವೇ ದೊರೆಯುತ್ತದೆ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಕಳೆದ ಮೂರು ತಿಂಗಳಲ್ಲಿ ಕಚೇರಿಯ ಸಂಪರ್ಕ ಎಷ್ಟು ದಿನ ನಿಂತಿತ್ತು? ಕಾರಣ ವಿದ್ಯುತ್ತೇ, ಫೈಬರೇ, ಸರ್ವರೇ?
2. ಆ ದಿನಗಳಲ್ಲಿ ಅರ್ಜಿದಾರರಿಗೆ ಏನು ಉತ್ತರ ನೀಡಲಾಯಿತು? ಅವರಿಗೆ ಸ್ವೀಕೃತಿ ದೊರೆಯಿತೇ?
3. ಮೇಜಿನ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ? ಅದರ ಐಪಿ ವಿಳಾಸವನ್ನು ವಹಿಯಲ್ಲಿ ಬರೆದಿಡಲಾಗಿದೆಯೇ?
4. ಲ್ಯಾನ್ ಕೇಬಲ್ ಮತ್ತು ಅಡಾಪ್ಟರ್ ಕಚೇರಿಯಲ್ಲಿವೆಯೇ? ಜೋಡಣೆ ತಿಳಿದ ಇಬ್ಬರು ಸಿಬ್ಬಂದಿ ಯಾರು?
5. ಡಿಜಿಟಲ್ ಸಹಿಯ ಡಾಂಗಲ್‌ಗಳು ಯಾರ ವಶದಲ್ಲಿವೆ?